ಗುರುವಾರ ಹತ್ತೂವರೆಗೆ ಬರುವ ಜೀಪು: ಮರೆಗುಳಿ ಕಾಯಿಲೆಯ ಮನೆಯೊಂದರ ಪ್ರಕರಣ

ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಮನೆ. ಯಜಮಾನರಿಗೆ 72, ಮನೆಯೊಡತಿಗೆ 64. ಗುರುತು ಸಿಗಬಾರದೆಂದು ಊರು, ವಯಸ್ಸು, ನೆಂಟಸ್ತಿಕೆಯ ಕೆಲವು ವಿವರಗಳನ್ನು ಬದಲಿಸಿದೆ. ತೀರ್ಮಾನಗಳು, ಅವುಗಳ ಕ್ರಮ, ಆದ ತಪ್ಪುಗಳು ಇದ್ದ ಹಾಗೇ ಇವೆ.

ಡಾಂಬರು ರಸ್ತೆಯಿಂದ ಮನೆಗೆ ಮುಕ್ಕಾಲು ಕಿಲೋಮೀಟರು ಮಣ್ಣುದಾರಿ. ಪಕ್ಕದ ಮನೆ ಎಂದರೆ ಎರಡು ತಿರುವು ದಾಟಿ, ಬೇರೆಯವರ ತೋಟದೊಳಗೆ. ಹಿಂಬದಿಯಲ್ಲಿ ಕೆಲಸಗಾರರ ಮೂರು ಲೈನ್‌ಮನೆ. ಫೋನಿಗೆ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಮಗಳು ಬೆಂಗಳೂರಿನಲ್ಲಿ, ಮಗ ಹೊರದೇಶದಲ್ಲಿ, ಯಜಮಾನರ ತಮ್ಮ ನಾಲ್ಕು ಕಿಲೋಮೀಟರ್ ಆಚೆ. ಪೇಟೆಯಲ್ಲಿ ಡಿಮೆನ್ಷಿಯಾ, ಎಂದರೆ ಮರೆಗುಳಿ ಕಾಯಿಲೆ, ಇರುವವರನ್ನು ನೋಡಿಕೊಳ್ಳುವವರು ಜನರ ನಡುವೆಯೇ ಒಂಟಿಯಾಗುತ್ತಾರೆ. ಕೊಡಗಿನ ತೋಟದ ಮನೆಯಲ್ಲಿ ಒಂಟಿತನ ಮನೆಯ ಜೊತೆಗೇ ಬಂದಿರುತ್ತದೆ. ಕಾಯಿಲೆ ಅದಕ್ಕೊಂದು ಬೀಗ ಹಾಕುತ್ತದೆ, ಅಷ್ಟೆ.

ಯಜಮಾನರ ಕಾಯಿಲೆ ಮೊದಲು ಕಾಣಿಸಿದ್ದು ಲೆಕ್ಕದಲ್ಲಿ. ಎಷ್ಟು ಚೀಲ ಚೆರಿ (ಹಣ್ಣಾಗಿಯೇ ಒಣಗಿಸಿದ ಕಾಫಿ), ಎಷ್ಟು ಚೀಲ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಎಂದು ಬಾಯಲ್ಲೇ ಹೇಳುತ್ತಿದ್ದವರು ಒಂದೇ ಲೋಡಿಗೆ ಎರಡು ಸಲ ದುಡ್ಡು ಕೇಳಿದರು. ವರ್ಷದೊಳಗೆ ಸ್ವಂತ ತೋಟದಲ್ಲಿ ದಾರಿ ತಪ್ಪಿದರು. ಥೈರಾಯ್ಡ್, ಬಿ12, ತಲೆಯ ಸ್ಕ್ಯಾನ್ ಎಲ್ಲ ನೋಡಿದ ಮೇಲೆ ವೈದ್ಯರು ಹೇಳಿದ್ದು ಆಲ್ಝೈಮರ್, ಜೊತೆಗೆ ರಕ್ತನಾಳದ ತೊಂದರೆಯೂ ಇದೆ ಎಂದು. ಮರೆವಿಗೆ ಕೊಡುವ ಡೊನೆಪೆಝಿಲ್ ಮಾತ್ರೆ 5 ಮಿ.ಗ್ರಾಂ. ಶುರುವಾಗಿ 10ಕ್ಕೆ ಏರಿತು. ಈ ಪ್ರಕರಣ ಆರಂಭವಾಗುವ ಫೆಬ್ರುವರಿಯ ಹೊತ್ತಿಗೆ ಸ್ನಾನಕ್ಕೆ ಜೊತೆ ನಿಂತು ಹೇಳಬೇಕಿತ್ತು. ಸಂಜೆಯಾದರೆ ತಮ್ಮದೇ ಮನೆಯ ಜಗಲಿಯಲ್ಲಿ ಕೂತು ‘ಮನೆಗೆ ಹೋಗೋಣ’ ಎನ್ನುತ್ತಿದ್ದರು. ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದರು. ಕನ್ನಡ ಕಡಿಮೆಯಾಗಿ ಮಾತೆಲ್ಲ ತಾಯಿನುಡಿಯಾದ ಕೊಡವ ತಕ್ಕಿಗೆ ಮರಳಿತ್ತು. ಬೆಳೆದ ಮೇಲೆ ಕಲಿತ ಭಾಷೆ ಮೊದಲು ಜಾರುವುದು ಈ ಕಾಯಿಲೆಯಲ್ಲಿ ಹೊಸತಲ್ಲ. ಆದರೆ ಈ ಸಣ್ಣ ಸಂಗತಿ ಮುಂದೆ ಒಂದು ಇಡೀ ವ್ಯವಸ್ಥೆಯನ್ನು ಕೆಡವಿತು.

ಫಾಲೋ ಅಪ್‌ಗೆ ಬಂದ ದಿನ ಸಮಾಜ ಕಾರ್ಯಕರ್ತೆ ಮನೆಯೊಡತಿಯನ್ನು ಬೇರೆ ಕೋಣೆಗೆ ಕರೆದು ‘ನೀವು ಹೇಗಿದ್ದೀರಿ?’ ಎಂದು ಕೇಳಿದರು. ಮೂರು ವರ್ಷದಲ್ಲಿ ಆಸ್ಪತ್ರೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಉತ್ತರ ಬರಲು ಹೊತ್ತು ಹಿಡಿಯಿತು. ಬಂದಾಗ ತಿಳಿದದ್ದಿಷ್ಟು: ವರ್ಷದಲ್ಲಿ ಆರು ಕಿಲೋ ಇಳಿದಿದ್ದಾರೆ, ತಮ್ಮ ಬಿ.ಪಿ. ಮಾತ್ರೆ ತಿಂಗಳಿಗೆ ಹತ್ತು ದಿನವಾದರೂ ತಪ್ಪುತ್ತದೆ, ನಿದ್ದೆ ನಾಲ್ಕು ಗಂಟೆ, ಅದೂ ತುಂಡು ತುಂಡಾಗಿ. ಗಂಡನ ಎದುರಿಗೇ ಕೇಳಿದ್ದರೆ ‘ಏನಿಲ್ಲ, ಪರವಾಗಿಲ್ಲ’ ಎಂದು ಮುಗಿಯುತ್ತಿತ್ತು.

ಆ ದಿನವೇ, ನೋಡಿಕೊಳ್ಳುವವರ ಹೊರೆಯನ್ನು ಅಳೆಯುವ ಝರಿಟ್ ಪ್ರಶ್ನಾವಳಿ ಕೇಳಲಾಯಿತು. 22 ಪ್ರಶ್ನೆ, ಪ್ರತಿಯೊಂದಕ್ಕೂ ‘ಎಂದೂ ಇಲ್ಲ’ ಎಂಬ ಸೊನ್ನೆಯಿಂದ ‘ಯಾವಾಗಲೂ’ ಎಂಬ ನಾಲ್ಕರವರೆಗೆ ಅಂಕ, ಒಟ್ಟು 88. ಅವರದು 56. 41ರಿಂದ 60ರ ನಡುವೆ ಬಂದರೆ ಹೊರೆ ಮಧ್ಯಮದಿಂದ ತೀವ್ರ ಎನ್ನುತ್ತಾರೆ. ಮೊತ್ತಕ್ಕಿಂತ ಮುಖ್ಯವಾದದ್ದು ಎಲ್ಲಿ ಎಷ್ಟು ಬಿತ್ತು ಎನ್ನುವುದು. ಆರೋಗ್ಯ ಕೆಟ್ಟಿದೆಯೆ ಎಂಬುದಕ್ಕೆ 2 ಕೊಟ್ಟವರು, ಜನರೊಡನೆ ಬೆರೆಯುವ ಬದುಕು ಹಾಳಾಗಿದೆಯೆ ಎಂಬುದಕ್ಕೆ 4 ಕೊಟ್ಟರು. ಗೆಳತಿಯರನ್ನು ಮನೆಗೆ ಕರೆಯಲು ಮುಜುಗರವೆ ಎಂಬುದಕ್ಕೂ 4.

ನಿಂತುಹೋದವುಗಳ ಪಟ್ಟಿ

ಮುಂದಿನ ಭೇಟಿಗೆ ಅವರಿಗೊಂದು ಕೆಲಸ ಕೊಟ್ಟರು. ಮೂರು ವರ್ಷದಲ್ಲಿ ಬಿಟ್ಟುಬಿಟ್ಟ ಹೊರಗಿನ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಬೇಕು. ಎದುರಿಗೆ ಎರಡು ವಿಷಯ: ಯಾವಾಗ ನಿಂತಿತು, ಏಕೆ. ಹನ್ನೊಂದು ಬಂದವು. ಪೊಮ್ಮಕ್ಕಡ ಕೂಟ (ಕೊಡವ ಹೆಂಗಸರ ಸಂಘ), ಮದುವೆಮನೆಗಳು, ವಾರದ ಸಂತೆ, ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಕಾರಣಂಗೆ, ಎಂದರೆ ಹಿರಿಯರಿಗೆ, ಎಡೆ ಕೊಡುವ ದಿನ, ತವರು, ಏಪ್ರಿಲ್-ಮೇ ತಿಂಗಳ ಕೌಟುಂಬಿಕ ಹಾಕಿ ನೋಡಲು ಹೋಗುವುದು, ಹೀಗೆ. ‘ಏಕೆ’ ಎಂಬಲ್ಲಿ ‘ಪುರುಸೊತ್ತಿಲ್ಲ’ ಎಂದು ಬರೆದದ್ದು ಮೂರಕ್ಕೆ ಮಾತ್ರ. ಉಳಿದ ಎಂಟರ ಎದುರಿಗೆ ‘ಜನ ಕೇಳ್ತಾರೆ’, ‘ಬಿಟ್ಟು ಹೋಗಲು ಧೈರ್ಯವಿಲ್ಲ’, ‘ಅಲ್ಲಿ ನನಗೇನು ಕೆಲಸ’ ಎಂಬಂಥ ಮಾತುಗಳಿದ್ದವು.

ಉತ್ತರವೆಲ್ಲ ಆ ಹಾಳೆಯಲ್ಲೇ ಇತ್ತು. ಆದರೆ ಓದಿದವರು ಓದಿದ್ದು ಪುರುಸೊತ್ತನ್ನು ಮಾತ್ರ. ನೋಡಿಕೊಳ್ಳುವವರಿಗೆ ಬಿಡುವು ಕೊಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ‘ಧೈರ್ಯವಿಲ್ಲ’ ಎಂದರೆ ಏನು ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಕೇಳಲು ಸೆಪ್ಟೆಂಬರ್ ಬರಬೇಕಾಯಿತು.

ಹತ್ತೊಂಬತ್ತು ದಿನದ ಹುಡುಗ

ಮಾರ್ಚಿಯಲ್ಲಿ ಮಗಳು ಒಂದು ಏಜೆನ್ಸಿಯ ಮೂಲಕ ದಿನದ 24 ಗಂಟೆ ಮನೆಯಲ್ಲೇ ಇರುವ ಸಹಾಯಕನನ್ನು ಕಳಿಸಿದಳು. ಒಳ್ಳೆಯ ಹುಡುಗ, ಕೆಲಸ ಬಲ್ಲವನು. ಅವನ ಬಯಲುಸೀಮೆಯ ಕನ್ನಡ ಯಜಮಾನರಿಗೆ ತಿಳಿಯಲಿಲ್ಲ, ಅವರ ಕೊಡವ ತಕ್ಕ್ ಅವನಿಗೆ ಬರಲಿಲ್ಲ. ಅಪರಿಚಿತ ಗಂಡಸೊಬ್ಬ ರಾತ್ರಿ ಮನೆಯೊಳಗೆ ಓಡಾಡಿದರೆ ಯಜಮಾನರ ಲೆಕ್ಕದಲ್ಲಿ ಅವನು ಕಳ್ಳ. ಟಾರ್ಚು ಹಿಡಿದು ಎರಡು ಸಲ ಅಂಗಳಕ್ಕೆ ಅಟ್ಟಿದರು. ಇತ್ತ ಮನೆಯೊಡತಿಗೆ ಮೂರು ಹೊತ್ತು ಇನ್ನೊಬ್ಬರಿಗೆ ಅಡುಗೆ.

ಹತ್ತೊಂಬತ್ತನೆಯ ದಿನ ಹುಡುಗ ಹೊರಟುಹೋದ. ಸೋತದ್ದು ಭಾಷೆಯಿಂದ ಎಂದು ಎಲ್ಲರೂ ಹೇಳಿದರು, ಅದು ನಿಜವೂ ಹೌದು. ಇನ್ನೊಂದು ಸೋಲನ್ನು ಯಾರೂ ಗಮನಿಸಲಿಲ್ಲ. ಆ ಹತ್ತೊಂಬತ್ತು ದಿನಗಳಲ್ಲಿ ಮನೆಯೊಡತಿ ಗೇಟು ದಾಟಿದ್ದು ಎರಡೇ ಸಲ: ಒಮ್ಮೆ ಬ್ಯಾಂಕಿಗೆ, ಒಮ್ಮೆ ರೇಷನ್ನಿಗೆ. ಸಿಕ್ಕ ಬಿಡುವೆಲ್ಲ ಅಟ್ಟ ಗುಡಿಸುವುದಕ್ಕೆ, ಕಂಬಳಿ ಒಗೆಯುವುದಕ್ಕೆ, ಕಣದಲ್ಲಿ ಮೆಣಸು ಒಣಗಿಸುವುದಕ್ಕೆ ಹೋಯಿತು. ಹೋಗಲು ಜಾಗ ಗೊತ್ತುಮಾಡದೆ ಕೊಟ್ಟ ಬಿಡುವು ಮನೆಗೆಲಸಕ್ಕೇ ಹರಿಯುತ್ತದೆ. ಅದರಲ್ಲೂ ಮೂರು ವರ್ಷದ ಕೆಲಸ ಬಾಕಿ ಬಿದ್ದಿರುವ ಮನೆಯಲ್ಲಿ.

ಏಪ್ರಿಲಿನಲ್ಲಿ ಫೋನಿನ ಮೂಲಕ ನಡೆಯುವ, ಇಂಥ ಮನೆಗಳವರದೇ ಒಂದು ಗುಂಪಿಗೆ ಸೇರಿಸಿದರು. ವಾರಕ್ಕೊಮ್ಮೆ ಸಂಜೆ ಆರಕ್ಕೆ. ಯಜಮಾನರ ಚಡಪಡಿಕೆ ಏರುವ ಹೊತ್ತು ಸರಿಯಾಗಿ ಅದೇ. ಆರು ವಾರದಲ್ಲಿ ಮೂರು ಸಲ ಕೂತರು. ಒಮ್ಮೆ ಕರೆಂಟ್ ಹೋಯಿತು. ಕೊನೆಗೆ ಅವರು ಹೇಳಿದ್ದು: ‘ದಿನವಿಡೀ ಮಾಡೋದೂ ಅದೇ, ಅಲ್ಲೂ ಮಾತಾಡೋದು ಅದೇ.’ ಇಂಥ ಗುಂಪುಗಳು ವ್ಯರ್ಥವೆಂದಲ್ಲ. ಕಾಯಿಲೆ ಗೊತ್ತಾದ ಮೊದಲ ವರ್ಷದಲ್ಲಿ, ಏನೂ ತಿಳಿಯದ ಹೊತ್ತಿನಲ್ಲಿ, ಅವು ದೊಡ್ಡ ಆಸರೆ. ಈಕೆ ಆ ಹಂತ ದಾಟಿದ್ದರು. ಅವರಿಗೆ ಬೇಕಾಗಿದ್ದದ್ದು ಕಾಯಿಲೆಯ ಹೆಸರೆತ್ತದ ಎರಡು ಗಂಟೆ.

ಮನೆಯವರ ಸಭೆ

ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂದು ಕ್ರಮ ಈ ಕ್ಷೇತ್ರದಲ್ಲಿ ಬಹಳ ಹೆಸರಾದದ್ದು. ಆಪ್ತಸಲಹೆಯ ಆರು ಭೇಟಿಗಳಲ್ಲಿ ಎರಡು ನೋಡಿಕೊಳ್ಳುವ ಗಂಡ ಅಥವಾ ಹೆಂಡತಿಯೊಬ್ಬರ ಜೊತೆ, ನಾಲ್ಕು ಇಡೀ ಕುಟುಂಬದ ಜೊತೆ. 406 ಮಂದಿಯ ಮೇಲೆ ನಡೆದ ಆ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ರೋಗಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ದಿನ ಸುಮಾರು 557 ದಿನ ಮುಂದಕ್ಕೆ ಹೋಗಿತ್ತು. ಆ ಲಾಭದ ಅರ್ಧಕ್ಕಿಂತ ಹೆಚ್ಚು ಭಾಗ ಬಂದದ್ದು ಮೂರು ಕಾರಣಗಳಿಂದ: ಸುತ್ತಲಿನವರ ಆಸರೆಯ ಬಗ್ಗೆ ಸಮಾಧಾನ ಹೆಚ್ಚಿತ್ತು, ರೋಗಿಯ ವರ್ತನೆಗೆ ತಲ್ಲಣಿಸುವುದು ತಗ್ಗಿತ್ತು, ಖಿನ್ನತೆ ಇಳಿದಿತ್ತು. ನಮ್ಮಲ್ಲಿ ಆರೈಕೆ ಕೇಂದ್ರದ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಕೊಡಗಿನಲ್ಲಂತೂ ಇನ್ನೂ ಕಡಿಮೆ. ಆದರೆ ಆರರಲ್ಲಿ ನಾಲ್ಕು ಭೇಟಿ ಮನೆಮಂದಿಯ ಜೊತೆ ಎಂಬ ಲೆಕ್ಕ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಮೇ ತಿಂಗಳ ಒಂದು ಭಾನುವಾರ ಎರಡು ಗಂಟೆ ಸಭೆ. ಮಗಳು ಬಂದಿದ್ದಳು, ಮಗ ಫೋನಿನಲ್ಲಿದ್ದ, ಮೈದುನ ದಂಪತಿ ಇದ್ದರು. ಯಜಮಾನರನ್ನು ಲೈನಿನ ಹಿರಿಯ ಕೆಲಸಗಾರ ಕೆರೆಯ ಕಡೆ ಕರೆದೊಯ್ದಿದ್ದ. ಸಮಾಜ ಕಾರ್ಯಕರ್ತೆ ಇಟ್ಟ ನಿಯಮ ಒಂದೇ: ‘ನಾವಿದ್ದೇವೆ, ಏನಿದ್ದರೂ ಹೇಳಿ’ ಎಂಬ ಮಾತನ್ನು ಯಾರೂ ಆಡುವಂತಿಲ್ಲ. ಆಡುವುದಾದರೆ ವಾರ, ಹೊತ್ತು, ಕೆಲಸ ಹೆಸರಿಸಬೇಕು. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ ಎಂದರೂ ತಪ್ಪಲ್ಲ. ಆಮೇಲೆ ಒಂದೊಂದೇ ಬಂತು. ಔಷಧಿ ತರಿಸುವುದು, ವೈದ್ಯರ ಭೇಟಿ ಗೊತ್ತುಮಾಡುವುದು ಪೂರ್ತಿ ಮಗಳದು. ಮಗ ಇನ್ವರ್ಟರ್ ಹಾಕಿಸುವುದು, ಬದಲಿ ನಿಲ್ಲುವವರ ಕೂಲಿ ಕೊಡುವುದು. ಮೈದುನ ತುರ್ತಿಗೆ. ‘ತುರ್ತಿಗೆ’ ಎಂಬುದು ನಿಯಮ ತಪ್ಪಿಸಿಕೊಳ್ಳುವ ಉತ್ತರ. ಅಂದು ಅದನ್ನು ಒಪ್ಪಿಕೊಂಡದ್ದಕ್ಕೆ ಡಿಸೆಂಬರಿನಲ್ಲಿ ಬೆಲೆ ತೆರಬೇಕಾಯಿತು.

ಎಲ್ಲಿಗೆ ಹೋಗಬೇಕು ಎಂಬುದನ್ನು ಹನ್ನೊಂದರ ಪಟ್ಟಿಯಿಂದಲೇ ಆರಿಸಲಾಯಿತು. ನೋಡಿದ್ದು ಮೂರು: ವಾರ ಮತ್ತು ಹೊತ್ತು ಗೊತ್ತಾಗಿರಬೇಕು, ಹೋಗದಿದ್ದರೆ ಅಲ್ಲಿ ಯಾರಿಗಾದರೂ ತೊಂದರೆಯಾಗಬೇಕು, ಮಾತು ಕಾಯಿಲೆಯದಾಗಿರಬಾರದು. ದೇವಸ್ಥಾನ, ವಾಕಿಂಗ್, ತವರು ಮೂರೂ ಎರಡನೆಯದರಲ್ಲಿ ಬಿದ್ದುಹೋದವು. ಹೋಗದಿದ್ದರೂ ಅಲ್ಲಿ ಯಾರಿಗೂ ತೊಂದರೆಯಿಲ್ಲ. ಉಳಿದದ್ದು ಪೊಮ್ಮಕ್ಕಡ ಕೂಟದಲ್ಲಿ ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನ ಅಭ್ಯಾಸ. ಹೊಸದಾಗಿ ಕಲಿಯುವ ಹೆಂಗಸರೇ ಹೆಚ್ಚು. ಹಾಡು ಪೂರ್ತಿ ಬಾಯಿಗೆ ಬರುವವರು ಊರಿನಲ್ಲಿ ಇಬ್ಬರು, ಅವರಲ್ಲಿ ಒಬ್ಬರಿಗೆ ಮೊಣಕಾಲು ನೋವು. ತಾಳ ಹಾಕುತ್ತಾ ಸುತ್ತು ತಿರುಗುವಾಗ ಹಾಡು ಹಿಡಿಯುವವರು ಒಬ್ಬರು ಬೇಕೇ ಬೇಕು.

ಗುರುವಾರ

ಕೂಟ ಸೇರುತ್ತಿದ್ದದ್ದು ಗುರುವಾರ ಮಧ್ಯಾಹ್ನ ಮೂರರಿಂದ ಐದು. ಮೊದಲ ಎರಡು ವಾರ ಹಾಗೇ ಹೋದರು. ಹಿಂತಿರುಗುವಾಗ ಯಜಮಾನರು ಗೇಟಿನಲ್ಲಿ ನಿಂತು ಕೂಗುತ್ತಿದ್ದರು. ಬೆಳಕು ಇಳಿಯುವ ಹೊತ್ತಿಗೆ ಗೊಂದಲ ಹೆಚ್ಚುವುದು ಈ ಕಾಯಿಲೆಯ ಲಕ್ಷಣ; ಮೋಡ ಕವಿದ ದಿನ ತೋಟದ ನೆರಳಿನಲ್ಲಿ ಆ ಹೊತ್ತು ನಾಲ್ಕಕ್ಕೇ ಬಂದುಬಿಡುತ್ತದೆ. ಬೆಳಿಗ್ಗೆಯ ಹೊತ್ತಿಗೆ ಬದಲಾಯಿಸಿ ಎಂದು ಕೂಟವನ್ನು ಕೇಳಬೇಕಿತ್ತು. ಕೇಳಬೇಕಾದರೆ ಕಾರಣ ಹೇಳಬೇಕು. ಊರಿಗೆಲ್ಲ ಅವರು ಹೇಳಿಕೊಂಡು ಬಂದದ್ದು ‘ಬಿ.ಪಿ., ಸ್ವಲ್ಪ ಸುಸ್ತು’.

ಇಡೀ ಪ್ರಕರಣದ ಮೊದಲ ತಿರುವು ಇದು. ಆಪ್ತಸಲಹೆಯಲ್ಲಿ ‘ಮುಚ್ಚಿಡಬೇಡಿ’ ಎಂದು ನಾಲ್ಕು ಸಲ ಹೇಳಿದ್ದು ಕೆಲಸ ಮಾಡಿರಲಿಲ್ಲ. ಒಂದು ಸಭೆಯ ಹೊತ್ತು ಬದಲಿಸುವ ಅಗತ್ಯ ಬಾಯಿ ಬಿಡಿಸಿತು. ಮೂರು ವಾಕ್ಯದಲ್ಲಿ ಹೇಳಿದರು. ಕೂಟ ಹೊತ್ತು ಬದಲಿಸಿತು. ಒಬ್ಬರು ತಮ್ಮ ಅತ್ತೆಗೂ ಹೀಗೇ ಇತ್ತು ಎಂದರು. ಇನ್ನೊಬ್ಬರು, ಮೊದಲು ಹತ್ತಿರವಿದ್ದವರೇ, ಆಮೇಲೆ ಮಾತು ಕಡಿಮೆ ಮಾಡಿದರು. ಎರಡೂ ಆಗುತ್ತದೆ.

ಕೂಟದ ಒಬ್ಬರ ಜೀಪು ಹತ್ತೂವರೆಗೆ ಗೇಟಿಗೆ ಬರುವುದೆಂದಾಯಿತು, ಅಭ್ಯಾಸ ಹನ್ನೊಂದರಿಂದ ಒಂದರವರೆಗೆ. ‘ನೀವೇ ಬನ್ನಿ’ ಎಂದಿದ್ದರೆ ಪ್ರತಿ ಗುರುವಾರವೂ ಹೋಗಲೋ ಬೇಡವೋ ಎಂದು ಹೊಸದಾಗಿ ತೀರ್ಮಾನ ಮಾಡಬೇಕಿತ್ತು. ಜೀಪು ಹಾರ್ನ್ ಮಾಡಿದರೆ ತೀರ್ಮಾನ ಆಗಿಹೋಗಿರುತ್ತದೆ.

ಮನೆಯಲ್ಲಿ ಬದಲಿ ನಿಂತದ್ದು ಲೈನಿನ ಅದೇ ಹಿರಿಯ ಕೆಲಸಗಾರ, 31 ವರ್ಷ ಆ ತೋಟದಲ್ಲಿ ದುಡಿದವನು. ಅರ್ಧ ದಿನದ ಕೂಲಿ. ಕೊಡವ ತಕ್ಕ್ ಚೆನ್ನಾಗಿ ಬಲ್ಲವನು. ಅವನಿಗೆ ತರಬೇತಿ ಕೊಟ್ಟದ್ದು ಇಡೀ ಕಾಯಿಲೆಯ ಬಗ್ಗೆಯಲ್ಲ, ಎರಡೂವರೆ ಗಂಟೆಯ ಬಗ್ಗೆ ಮಾತ್ರ. ಹತ್ತಕ್ಕೆ ಶೌಚಾಲಯ, ಹತ್ತೂಕಾಲಿಗೆ ಬೆಲ್ಲದ ಕಾಫಿ, ಆಮೇಲೆ ಜಗಲಿಯಲ್ಲಿ ಮೊರದ ತುಂಬ ಕರಿಮೆಣಸು. ಜೊಳ್ಳು, ತೊಟ್ಟು ಬೇರೆ ಮಾಡುವುದು. ಹನ್ನೆರಡಕ್ಕೆ ಮತ್ತೆ ಶೌಚಾಲಯ. ‘ಎಲ್ಲಿ ಹೋದಳು?’ ಎಂದರೆ ‘ಕೂಟಕ್ಕೆ, ಊಟಕ್ಕೆ ಬರ್ತಾರೆ’. ನೂರು ಸಲ ಕೇಳಿದರೂ ಅದೇ ಮಾತು, ಅದೇ ಧ್ವನಿ. ‘ಆಗ್ಲೇ ಹೇಳ್ದೆನಲ್ಲ’, ‘ನೆನಪಿಲ್ವಾ’ ಎಂಬ ಎರಡು ಮಾತು ಬಾಯಿಗೆ ಬರಕೂಡದು. ಎದ್ದು ನಡೆದರೆ ತಡೆಯಬಾರದು. ಜೊತೆಗೆ ನಡೆದು, ಒಂದು ಸುತ್ತು ಹಾಕಿಸಿ, ಜಗಲಿಗೇ ತಿರುಗಿಸಬೇಕು. ತಾಮ್ರದ ಸುಣ್ಣದ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ, ಕೀಟನಾಶಕ ಇರುವ ಕೋಣೆಗೆ ಬೀಗ. ಬಾವಿಗೆ ಕಬ್ಬಿಣದ ಜಾಲರಿ.

ಮೆಣಸು ಎರಡು ಕಿಲೋ. ವಾರ ಮುಗಿದ ಮೇಲೆ ಜೊಳ್ಳನ್ನು ಮತ್ತೆ ಕಾಳಿಗೆ ಬೆರೆಸಿ ಇಡುತ್ತಿದ್ದರು. ಇದು ಮೋಸವಲ್ಲವೆ ಎಂದು ಮಗ ಕೇಳಿದ. ಯಜಮಾನರ ಬೆರಳುಗಳಿಗೆ ಆ ಕೆಲಸ ಇನ್ನೂ ಗೊತ್ತಿತ್ತು, ಗುರುವಾರ ಅವರು ಜಗಳ ತೆಗೆಯುತ್ತಿರಲಿಲ್ಲ. ಮೋಸದ ಮಾತು ಅಲ್ಲಿಗೆ ಬಿಡಬಹುದು.

ಹೊರಡುವ ರೀತಿಯಲ್ಲೂ ಒಂದು ತಪ್ಪಾಯಿತು. ಗಂಡನಿಗೆ ತಿಳಿಯದಂತೆ ಅಡುಗೆಮನೆಯ ಬಾಗಿಲಿನಿಂದ ಜಾರಿಕೊಳ್ಳುವುದೇ ಸುಲಭ ಎಂದು ಅವರಿಗೆ ತೋರಿತು. ಯಜಮಾನರು ಐವತ್ತು ನಿಮಿಷ ಕೋಣೆ ಕೋಣೆ ಹುಡುಕಿದರು, ಮೆಣಸಿನ ಮೊರ ಅಂಗಳಕ್ಕೆ ಬಿತ್ತು. ಮುಂದಿನ ವಾರದಿಂದ ಎದುರಿಗೇ ನಿಂತು, ಪ್ರತಿ ಸಲ ಅದೇ ಕೆಂಪು ಶಾಲು ಹೊದ್ದು, ಅದೇ ವಾಕ್ಯ ಹೇಳಿ ಹೊರಟರು. ಬಾಗಿಲ ಪಕ್ಕದ ಸ್ಲೇಟಿನಲ್ಲಿ ‘ಊಟಕ್ಕೆ ಬರುತ್ತೇನೆ’ ಎಂದು ಅಂಗೈಯಗಲದ ಅಕ್ಷರ. ಮಾತಿನ ಕನ್ನಡ ಹೋಗಿದ್ದರೂ ಓದುವ ಕನ್ನಡ ಸ್ವಲ್ಪ ಉಳಿದಿತ್ತು. ಹುಡುಕಾಟ ಹತ್ತು ನಿಮಿಷಕ್ಕೆ ಇಳಿಯಿತು, ಆಮೇಲೆ ಸ್ಲೇಟಿನ ಮುಂದೆ ಒಂದು ನಿಲುಗಡೆಗೆ.

ಕಕ್ಕಡ

ಜುಲೈ ಮಧ್ಯಕ್ಕೆ ಮಳೆ ಕಚ್ಚಿಕೊಂಡಿತು. ದಾರಿಗೆ ಮರ ಬಿತ್ತು, ಕರೆಂಟ್ ನಾಲ್ಕು ದಿನ ಇಲ್ಲ, ಬದಲಿ ನಿಲ್ಲುವವನಿಗೆ ಜ್ವರ, ಕೂಟದವರಿಗೆ ನಾಟಿ. ನಾಲ್ಕು ಗುರುವಾರ ತಪ್ಪಿದವು. ಮನೆಯೊಡತಿ ಕ್ಯಾಲೆಂಡರಿನಲ್ಲಿ ದಿನಕ್ಕೆರಡು ಗುರುತು ಹಾಕುತ್ತಿದ್ದರು: ನಿದ್ದೆ ಎಷ್ಟು ಗಂಟೆ, ಮನೆಯವರಲ್ಲದವರೊಡನೆ ಮಾತಾಡಿದ್ದುಂಟೋ ಇಲ್ಲವೋ. ಜೂನಿನಲ್ಲಿ ಐದೂವರೆಗೆ ಬಂದಿದ್ದ ನಿದ್ದೆ ಮತ್ತೆ ನಾಲ್ಕಕ್ಕೆ ಬಿತ್ತು. ಮೂರನೆಯ ವಾರ ಮಳೆ ಬಿಟ್ಟಿತ್ತು, ಜೀಪು ಬರಲು ಸಿದ್ಧವಿತ್ತು, ಅವರೇ ಬೇಡವೆಂದರು. ಎರಡು ವಾರ ತಪ್ಪಿದರೆ ಹೋಗದಿರುವುದೇ ರೂಢಿಯಾಗಿಬಿಡುತ್ತದೆ. ಮಳೆಗಾಲದ ವ್ಯವಸ್ಥೆಯನ್ನು ಮೇ ತಿಂಗಳ ಸಭೆಯಲ್ಲೇ ಯೋಚಿಸಬೇಕಿತ್ತು. ಕೊಡಗಿನಲ್ಲಿ ಜುಲೈ ಬಂದು ಮಳೆ ಬಂತೆಂದು ಆಶ್ಚರ್ಯಪಡುವಂತಿಲ್ಲ.

ಪರಿಹಾರ ಕೂಟದಿಂದಲೇ ಬಂತು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು ಮೂವರು ಹೆಂಗಸರು ಮದ್ದ್ ಸೊಪ್ಪಿನ ಪಾಯಸ ಹಿಡಿದು ಮನೆಗೇ ಬಂದರು. ಹದಿನಾಲ್ಕು ತಿಂಗಳಲ್ಲಿ ಆ ಮನೆಗೆ ಬಂದ ಮೊದಲ ಅತಿಥಿಗಳು. ಬರುವ ಮುಂಚೆ ಅವರಿಗೂ ಹೇಳಿಕೊಟ್ಟಿತ್ತು: ತಮ್ಮ ಹೆಸರು, ಮನೆತನ ತಾವೇ ಹೇಳಿ ಮಾತು ಶುರುಮಾಡಿ, ‘ನಾನ್ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ, ಮೂವರೂ ಒಟ್ಟಿಗೆ ಮಾತಾಡಬೇಡಿ. ಯಜಮಾನರು ಒಂದೇ ಪ್ರಶ್ನೆಯನ್ನು ಒಂಬತ್ತು ಸಲ ಕೇಳಿದರು. ಒಂಬತ್ತು ಸಲವೂ ಉತ್ತರ ಸಿಕ್ಕಿತು, ಪಾಯಸವೂ ಖಾಲಿಯಾಯಿತು. ಅದೇ ತಿಂಗಳು ವೈದ್ಯರು ರಾತ್ರಿಯ ಡೊನೆಪೆಝಿಲ್ ಅನ್ನು ಬೆಳಿಗ್ಗೆಗೆ ಬದಲಿಸಿದರು. ಕೆಟ್ಟ ಕನಸು, ಎಚ್ಚರ ತರುವುದು ಆ ಮಾತ್ರೆಯ ಗೊತ್ತಿರುವ ತೊಂದರೆ. ನಿದ್ದೆ ಸುಧಾರಿಸಿದ್ದರಲ್ಲಿ ಪಾಯಸಕ್ಕೆ ಎಷ್ಟು ಪಾಲು, ಮಾತ್ರೆಯ ಹೊತ್ತಿಗೆ ಎಷ್ಟು ಪಾಲು ಎಂದು ಬೇರ್ಪಡಿಸಲಾಗದು.

ಕೋವಿ

ಆಗಸ್ಟ್ ಕೊನೆಗೆ ಒಂದು ಸಂಗತಿ ಸಮಾಜ ಕಾರ್ಯಕರ್ತೆಯ ಕಣ್ಣಿಗೆ ಬಿತ್ತು. ಎಲ್ಲ ಸರಿಯಿದ್ದರೂ ಮನೆಯೊಡತಿ ಒಂದಕ್ಕೆ ಮುಗಿಯುವ ಕೂಟದಿಂದ ಹನ್ನೆರಡಕ್ಕೇ ಎದ್ದುಬರುತ್ತಿದ್ದರು, ನಡುವೆ ಮೂರು ಸಲ ಫೋನ್. ಬದಲಿ ನಿಂತವನ ಮೇಲೆ ನಂಬಿಕೆಯಿಲ್ಲವೆ ಎಂದರೆ ಇದೆ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಈ ಸಲ ಪೂಜೆಗೆ ಕೋವಿ ಹೊರಗೆ ತೆಗೆಯುವುದೋ ಬೇಡವೋ ಎಂದು ಅವರು ತಾವಾಗಿ ಕೇಳಿದಾಗ ಗಂಟು ಬಿಚ್ಚಿತು. ಕೋವಿಯಿದ್ದ ಬೀರುವಿನ ಬೀಗದ ಕೈ ಒಂದೂವರೆ ವರ್ಷದಿಂದ ಅವರ ಸೊಂಟದಲ್ಲಿತ್ತು, ಮಲಗುವಾಗಲೂ. ಬೀರು ಹಳೆಯದು, ಗಟ್ಟಿಯಾಗಿ ಎಳೆದರೆ ತೆರೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಕಳ್ಳ ಬಂದನೆಂದು ಯಜಮಾನರು ಟಾರ್ಚು ಹಿಡಿದು ಓಡಿದ ರಾತ್ರಿಯ ಮೇಲೆ ಆ ಹೆದರಿಕೆ ಇನ್ನೂ ಹೆಚ್ಚಿತ್ತು. ಫೆಬ್ರುವರಿಯ ಹಾಳೆಯಲ್ಲಿ ‘ಬಿಟ್ಟು ಹೋಗಲು ಧೈರ್ಯವಿಲ್ಲ’ ಎಂದು ಬರೆದದ್ದು ಇದನ್ನೇ.

ಮನೆಯ ಸುರಕ್ಷತೆಯನ್ನು ಪಟ್ಟಿ ಹಿಡಿದು ಪರಿಶೀಲಿಸಿದ್ದರು. ಗ್ಯಾಸ್, ಜಾರುವ ನೆಲ, ಬಾವಿ, ವಿಷ, ಚಿಲಕ ಎಲ್ಲ ಅದರಲ್ಲಿತ್ತು. ಬಂದೂಕು ಇರಲಿಲ್ಲ, ಪಟ್ಟಿ ನಗರದ ಮನೆಗಳಿಗಾಗಿ ಮಾಡಿದ್ದು. ಕೊಡವರಿಗೂ ಜಮ್ಮಾ ಎಂಬ ಹಳೆಯ ಭೂಹಿಡುವಳಿ ಇರುವವರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇರುವ ಜಿಲ್ಲೆಯಲ್ಲಿ ಅದು ಮೊದಲ ಸಾಲಿನಲ್ಲಿರಬೇಕಾದ ಪ್ರಶ್ನೆ. ಕೇಳುವ ಬಗೆಯೂ ಮುಖ್ಯ. ‘ಕೋವಿ ಇದೆಯೆ?’ ಎಂದರೆ ತನಿಖೆಯಂತೆ ಕೇಳುತ್ತದೆ. ‘ಕೋವಿ ಎಲ್ಲಿಟ್ಟಿದ್ದೀರಿ, ತೋಟೆ ಎಲ್ಲಿಟ್ಟಿದ್ದೀರಿ?’ ಎಂದರೆ ಉತ್ತರ ಬರುತ್ತದೆ.

ಠಾಣೆಯಲ್ಲಿ ವಿಚಾರಿಸಿ, ಕಾಗದಪತ್ರ ಮುಗಿಸಿ, ಕೋವಿಯನ್ನು ವಿನಾಯಿತಿ ಇರುವ ಮೈದುನನ ಮನೆಗೆ ಸಾಗಿಸಲಾಯಿತು. ತೋಟೆಗಳು ಅದಕ್ಕೂ ಮುಂಚೆ ಹೋದವು. ಮೈದುನ ಮೊದಲು ಒಪ್ಪಲಿಲ್ಲ. ಅಣ್ಣ ಬದುಕಿರುವಾಗಲೇ ಮನೆಯಿಂದ ಕೋವಿ ಎತ್ತಿದರೆ ಒಕ್ಕದವರು, ಎಂದರೆ ಮನೆತನದವರು, ಏನೆಂದಾರು ಎಂಬುದು ಅವರ ಅಳುಕು. ಹಬ್ಬದ ಪೂಜೆಯನ್ನು ಈ ವರ್ಷದಿಂದ ಐನ್‌ಮನೆಯಲ್ಲೇ ಎಲ್ಲರ ಕೋವಿಯ ಜೊತೆ ಇಟ್ಟುಕೊಳ್ಳೋಣ ಎಂದು ಒಕ್ಕದ ಹಿರಿಯರೊಬ್ಬರು ದಾರಿ ತೋರಿಸಿದ ಮೇಲೆ ಒಪ್ಪಿದರು. ಆ ಗುರುವಾರ ಮನೆಯೊಡತಿ ಒಂದರವರೆಗೂ ಕೂತರು. ಫೋನ್ ಮಾಡಲಿಲ್ಲ.

ಆರು ತಿಂಗಳು ಬಿಡುವಿನ ಗಂಟೆಗಳನ್ನು ಹೊಂದಿಸುತ್ತ ಕೂತವರೆಲ್ಲ ಇಲ್ಲಿ ತಲೆ ತಗ್ಗಿಸಬೇಕು. ನೋಡಿಕೊಳ್ಳುವವರನ್ನು ಮನೆಗೆ ಕಟ್ಟಿಹಾಕಿರುವುದು ಪುರುಸೊತ್ತೇ, ಹೆದರಿಕೆಯೇ, ನಾಚಿಕೆಯೇ ಎಂದು ಒಂದೊಂದನ್ನೂ ಬಿಡಿಸಿ ಕೇಳದೆ ಬದಲಿ ಜನ ಹುಡುಕಲು ಹೊರಟದ್ದೇ ತಪ್ಪು. ಇಲ್ಲಿ ಮೂರೂ ಇದ್ದವು, ಮೂರಕ್ಕೂ ಬೇರೆ ಬೇರೆ ಕೀಲಿ.

ಪುತ್ತರಿ, ಕೊಯ್ಲು

ಸುಗ್ಗಿ ಹಬ್ಬವಾದ ಪುತ್ತರಿಗೆ ಯಜಮಾನರನ್ನೂ ಐನ್‌ಮನೆಗೆ ಕರೆದೊಯ್ಯಬೇಕೆಂದು ಮಗಳ ಹಟ. ಒಪ್ಪಿದ್ದು ನಲವತ್ತು ನಿಮಿಷಕ್ಕೆ. ಜೀಪು ಹೊರಗೆ ತಿರುಗಿಸಿ ನಿಲ್ಲಿಸಿತ್ತು, ಕಿವಿಗೆ ಹತ್ತಿ, ಪಟಾಕಿ ಸದ್ದಿಲ್ಲದ ಹಿಂಬದಿಯ ಕೋಣೆಯಲ್ಲಿ ಕುರ್ಚಿ. ಕದಿರು ಕೊಯ್ಯುವಾಗ ‘ಪೊಲಿ ಪೊಲಿ ದೇವಾ’ ಎಂದು ಎಲ್ಲರೂ ಕೂಗಿದರೆ ಅವರೂ ಕೂಗಿದರು. ಇಪ್ಪತ್ತೈದನೆಯ ನಿಮಿಷಕ್ಕೆ ಮುಖ ಬಿಗಿಯಿತು. ಮೈದುನನ ಹೆಂಡತಿ ಅವರನ್ನು ಮನೆಗೆ ಕರೆತಂದರು. ಮನೆಯೊಡತಿ ಅಲ್ಲೇ ಉಳಿದರು. ಯಾರು ವಾಪಸ್ ಹೋಗುವುದು ಎಂಬುದನ್ನು ಹಿಂದಿನ ದಿನವೇ ತೀರ್ಮಾನಿಸಿದ್ದರಿಂದ ಇದು ಆಯಿತು. ಅಲ್ಲೇ ತೀರ್ಮಾನಿಸುವುದಾದರೆ ಹೆಂಡತಿಯೇ ಏಳುತ್ತಾಳೆ.

ಡಿಸೆಂಬರಿನಲ್ಲಿ ರೊಬಸ್ಟ ಕಾಫಿಯ ಕೊಯ್ಲು. ಲೈನಿನಲ್ಲಿ ಎಲ್ಲರೂ ಕಿಲೋ ಲೆಕ್ಕದಲ್ಲಿ ಹಣ್ಣು ಬಿಡಿಸಲು ಹೋದರೆ ಹಿರಿಯ ಕೆಲಸಗಾರನ ಪಾಲಿಗೆ ಮೊಮ್ಮಕ್ಕಳನ್ನು ನೋಡುವ ಕೆಲಸ. ಮಕ್ಕಳನ್ನೂ ಕರೆತಂದು ನೋಡಿದ. ಕಿರುಚಾಟಕ್ಕೆ ಯಜಮಾನರು ಕೋಲೆತ್ತಿದರು, ಒಂದೇ ದಿನಕ್ಕೆ ಆ ಉಪಾಯ ನಿಂತಿತು. ಮೈದುನನ ‘ತುರ್ತಿಗೆ’ ಎಂಬ ಮಾತಿಗೆ ಈಗ ದಿನ, ಹೊತ್ತು ಗೊತ್ತುಮಾಡಬೇಕಾಯಿತು. ಅವರ ತೋಟದಲ್ಲೂ ಕೊಯ್ಲು. ಕೊನೆಗೆ ಕೊಯ್ಲಿಗೆ ರಜೆಯಿರುವ ಭಾನುವಾರ ಬೆಳಿಗ್ಗೆ ಅವರು ಕೂರುವುದು, ಕೂಟವೂ ಎಂಟು ವಾರ ಭಾನುವಾರಕ್ಕೆ ಸರಿಯುವುದು ಎಂದಾಯಿತು. ಎಂಟರಲ್ಲಿ ಐದು ನಡೆದವು.

ಮತ್ತೆ ಫೆಬ್ರುವರಿಯಲ್ಲಿ ಝರಿಟ್ ಕೇಳಿದಾಗ 39. ಈ ನಡುವೆ ಯಜಮಾನರ ಕಾಯಿಲೆ ಮುಂದುವರಿದಿತ್ತು. ಊಟಕ್ಕೂ ಕೈ ಹಿಡಿಯಬೇಕಿತ್ತು. ಆದ್ದರಿಂದ ಇಳಿದ 17 ಅಂಕ ಅವರು ಸುಧಾರಿಸಿದ್ದರಿಂದ ಬಂದದ್ದಲ್ಲ. ಜನರೊಡನೆ ಬೆರೆಯುವ ಪ್ರಶ್ನೆ 4ರಿಂದ 2ಕ್ಕೆ, ಗೆಳತಿಯರನ್ನು ಕರೆಯುವ ಮುಜುಗರ 4ರಿಂದ 1ಕ್ಕೆ. ಮುಂದೇನು ಎಂಬ ಭಯ 4ರಲ್ಲೇ ನಿಂತಿತ್ತು. ಇನ್ನೂ ಚೆನ್ನಾಗಿ ನೋಡಿಕೊಳ್ಳಬಹುದಿತ್ತು ಎಂಬ ಅಪರಾಧಿ ಭಾವವೂ 3ರಿಂದ ಕದಲಲಿಲ್ಲ. ಉಮ್ಮತ್ತಾಟ್ ಅದನ್ನೆಲ್ಲ ತೊಳೆಯುತ್ತದೆ ಎಂದು ಯಾರೂ ಹೇಳಬಾರದು. ತೂಕ ಮೂರು ಕಿಲೋ ಮರಳಿತು, ಬಿ.ಪಿ. ಮಾತ್ರೆ ತಪ್ಪುವುದು ನಿಂತಿತು. ಇದನ್ನು ಸಣ್ಣದೆನ್ನುವಂತಿಲ್ಲ: ರೋಗಿ ಸಂಗಾತಿಯನ್ನು ನೋಡಿಕೊಳ್ಳುತ್ತ ಒತ್ತಡದಲ್ಲಿ ಬದುಕುವ ಹಿರಿಯರಲ್ಲಿ ನಾಲ್ಕು ವರ್ಷದ ಅವಧಿಯ ಸಾವಿನ ಅಪಾಯ ಶೇ 63ರಷ್ಟು ಹೆಚ್ಚಿತ್ತೆಂದು ಅಮೆರಿಕದ ಅಧ್ಯಯನವೊಂದು 1999ರಲ್ಲೇ ತೋರಿಸಿತ್ತು.

ಮಾರ್ಚಿಯಲ್ಲಿ ಯಜಮಾನರಿಗೆ ಒಂದೇ ರಾತ್ರಿಯಲ್ಲಿ ಗೊಂದಲ ವಿಪರೀತವಾಯಿತು. ಕಾಯಿಲೆ ಏರಿತೆಂದು ಎರಡು ದಿನ ಕಾದರು. ಮೂತ್ರದ ಸೋಂಕು ಅದು. ಹಠಾತ್ತನೆ ಬಂದ ಗೊಂದಲ ಡಿಮೆನ್ಷಿಯಾದ್ದಲ್ಲ, ಬೇರೇನೋ ಇದೆ ಎಂದು ಅದೇ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಐದು ದಿನ ದಾಖಲಾದರು, ಮೂರು ಗುರುವಾರ ತಪ್ಪಿತು. ಈ ಸಲ ‘ಎರಡು ವಾರ ತಪ್ಪಿದರೆ ಮೂರನೆಯದಕ್ಕೆ ಕೂಟವೇ ಮನೆಗೆ’ ಎಂದು ಮೊದಲೇ ಗೊತ್ತುಮಾಡಿತ್ತು. ಮೂರನೆಯ ಗುರುವಾರ ಕೂಟದವರು ತಾಳಗಳ ಸಮೇತ ಮನೆಯ ಜಗಲಿಗೆ ಬಂದರು, ಯಜಮಾನರು ಒಳಗೆ ಮಲಗಿದ್ದರು.

ಈಗ ಹಿರಿಯ ಕೆಲಸಗಾರನ ಜೊತೆಗೆ ಅವನ ಸೊಸೆಗೂ ಕಲಿಸುತ್ತಿದ್ದಾರೆ. ಬದಲಿ ನಿಲ್ಲುವವರ ಹಾಳೆಯನ್ನು ಹೊಸದಾಗಿ ಬರೆಯಬೇಕಾಯಿತು, ಏಕೆಂದರೆ ಯಜಮಾನರು ಮೆಣಸಿನ ಕಾಳನ್ನು ಬಾಯಿಗೆ ಹಾಕಿಕೊಳ್ಳಲು ಶುರುಮಾಡಿದ್ದಾರೆ. ಮೊರದ ಬದಲು ಒಗೆದ ಟವೆಲುಗಳ ಬುಟ್ಟಿ. ಮಡಿಸುವುದು, ಬಿಡಿಸುವುದು, ಮತ್ತೆ ಮಡಿಸುವುದು. ಶೌಚಾಲಯಕ್ಕೆ ಎರಡು ಗಂಟೆಗೊಮ್ಮೆಯಲ್ಲ, ಒಂದೂವರೆ ಗಂಟೆಗೊಮ್ಮೆ. ಸ್ಲೇಟು ಈಗ ಅವರು ಓದುವುದಿಲ್ಲ. ಕೆಂಪು ಶಾಲನ್ನು ಮಾತ್ರ ಗುರುತಿಸುತ್ತಾರೆ.